ದ್ಯಾವಮ್ಮನ ಕುಲುಮೆಗೆ ನಿಂತ ಜಾಮೀನು

ಗಂಜಾಂ ತಾನಾಗಿ ಬೆಳೆದ ಊರಲ್ಲ. ಶ್ರೀರಂಗಪಟ್ಟಣದ ಕೋಟೆಯ ಆಚೆಗೆ ಒಂದು ದೊಡ್ಡ ಪೇಟೆ ಬೇಕು ಎಂದು ಸುಲ್ತಾನರ ಸರ್ಕಾರ ತೀರ್ಮಾನ ಮಾಡಿತು, ಜನರನ್ನು ತಂದು ಕೂರಿಸಿತು. ಶಿರಾ ಕಡೆಯಿಂದ ಸಂಸಾರಕ್ಕೆ ಸಂಸಾರವನ್ನೇ ಎಬ್ಬಿಸಿಕೊಂಡು ಬಂದರು. ಬರುತ್ತೀರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಪಟ್ಟಣ ನೋಡಲು ಹೋಗಿ ಗುಂಬಜಿನ ಮುಂದೆ ನಿಂತು ಬರುವವರಿಗೆಲ್ಲ ಇಷ್ಟಾದರೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಪ್ಪು ಗಂಜಾಮಿನದಲ್ಲ.

ಸಾವಿರದ ಏಳುನೂರ ತೊಂಬತ್ತೆರಡರ ಮುತ್ತಿಗೆಯಲ್ಲಿ ಆ ಪೇಟೆ ಹಾಳುಬಿತ್ತು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ತುಂಬಿಸಬೇಕಿತ್ತು. ಈ ಸಲ ಕೆಲವರನ್ನಾದರೂ ಕೇಳಿ, ಇಂತಿಂಥದ್ದು ಕೊಡುತ್ತೇವೆ ಎಂದು ಹೇಳಿ ಕರೆದರು. ಹಾಗೆ ಬಂದವರಲ್ಲಿ ನಾಗಮಂಗಲದ ಕಡೆಯ ದ್ಯಾವಮ್ಮ ಒಬ್ಬಳು.

ದ್ಯಾವಮ್ಮ ಕಮ್ಮಾರರ ಮನೆಯ ಸೊಸೆ. ಕುಲುಮೆಯಲ್ಲಿ ತಿದಿ ಒತ್ತಿ ಬೆಂಕಿಗೆ ಗಾಳಿ ಊದುವ ಕೆಲಸ ಅವಳದು. ಗಂಡ ಮಂಚಯ್ಯ ಬೆಂಕಿಯ ಮುಂದೆ ಕೂತನೆಂದರೆ ಬಾಯಿಗೆ ಬೀಗ. ಹೀಗಾಗಿ ಮನೆಯ ಮಾತೆಲ್ಲ ಅವಳ ಪಾಲಿಗೇ ಬಿದ್ದಿತ್ತು, ಅವಳಿಗೂ ಅದರಿಂದ ಬೇಸರವಿರಲಿಲ್ಲ. ಅವರ ಹಳ್ಳಿಯಲ್ಲಿ ಕಮ್ಮಾರನಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ನೇಗಿಲ ತುದಿಯ ಗುಳ ಮೊಂಡಾದರೆ ರೈತ ತಂದು ಹಾಕುತ್ತಾನೆ; ಕಾಯಿಸಿ ಬಡಿದು ಚೂಪು ಮಾಡಿ ಕೊಡಬೇಕು. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಬಿದ್ದಾಗ, ಇಷ್ಟು ಕಮ್ಮಾರನದು ಎಂದು ಅಳೆದು ಕೊಡುತ್ತಾರೆ. ಅದಕ್ಕೆ ಆಯ ಎನ್ನುತ್ತಾರೆ. ಆಯದ ಮನೆಯವರು ಮಾಡಿದ ಕೆಲಸಕ್ಕೆ ಬೆಲೆ ಕೇಳುವುದೆಂದರೆ, ಉಣ್ಣಲು ಕೂತ ನೆಂಟನ ಹತ್ತಿರ ಎಲೆಯ ದುಡ್ಡು ಕೇಳಿದ ಹಾಗೆ.

ಆದರೆ ಎರಡು ಸೈನ್ಯಗಳು ಹಾದುಹೋದ ದಾರಿಯಲ್ಲಿ ಎತ್ತುಗಳು ಉಳಿಯಲಿಲ್ಲ. ಎತ್ತಿಲ್ಲದೆ ನೇಗಿಲಿಲ್ಲ, ನೇಗಿಲಿಲ್ಲದೆ ಕಮ್ಮಾರನಿಗೇನು ಕೆಲಸ? ಇದ್ದ ಒಂದು ಆಯದಲ್ಲಿ ಮಂಚಯ್ಯನಿಗೂ ಅವನ ತಮ್ಮನಿಗೂ ಪಾಲು. ಅಂಥ ಹೊತ್ತಿನಲ್ಲಿ ನಾಗಮಂಗಲದ ಸಂತೆಯಲ್ಲಿ ತಮಟೆ ಹೊಡೆದು ಸಾರಿದರು. ಗಂಜಾಮಿಗೆ ಬಂದು ಕಸುಬು ಹೂಡುವವರಿಗೆ ಜಾಗ ಉಂಟು, ಸೂರಿಗೆ ಮರ ಉಂಟು. ಕಮ್ಮಾರರಾದರೆ ಮೊದಲ ಮಳೆಗಾಲದ ಇದ್ದಿಲು, ಕಬ್ಬಿಣ ಸರ್ಕಾರವೇ ಮುಂಗಡ ಕೊಡುತ್ತದೆ, ನಿಧಾನಕ್ಕೆ ತೀರಿಸಿದರಾಯಿತು. ಮೂರು ವರ್ಷ ಕುಲುಮೆಯ ಮೇಲೆ ತೆರಿಗೆ ಇಲ್ಲ. ದೀವಳಿಗೆ ಹೊತ್ತಿಗೆ ಪೇಟೆಯಲ್ಲಿ ವ್ಯಾಪಾರ ನಡೆಯುತ್ತಿರಬೇಕು. ನಡೆಯದಿದ್ದರೆ ಜಾಗ ಇನ್ನೊಬ್ಬರದು.

"ಓಗಾನ ನಡೀರಿ" ಎಂದಳು ದ್ಯಾವಮ್ಮ.

ಮಂಚಯ್ಯ ಇಕ್ಕಳ ಒರೆಸಿ ಗೋಡೆಗೆ ಒರಗಿಸಿದ. "ಆಯ ಬುಟ್ಟೋದ್ರೆ ತಿರ್ಗಾ ಸಿಕ್ಕಾಕಿಲ್ಲ ಕಣೆ."

"ಅರ್ಧ ಆಯ, ಅರ್ಧ ಒಟ್ಟೆ. ನಿಮ್ ತಮ್ಮನಾದ್ರೂ ಒಟ್ಟೆ ತುಂಬ ಉಣ್ಲಿ ಬುಡಿ."

ಊರ ಹಿರಿಯರ ಮುಂದೆ ಮಂಚಯ್ಯ ತನ್ನ ಪಾಲಿನ ಆಯವನ್ನು ತಮ್ಮನಿಗೆ ಬಿಟ್ಟುಕೊಟ್ಟ. ಹಾಗೆ ಬಿಟ್ಟದ್ದನ್ನು ನಾಳೆ ಬಂದು ಕೇಳುವಂತಿಲ್ಲ. ಅಡೆಗಲ್ಲು, ತಿದಿ, ಸುತ್ತಿಗೆಗಳನ್ನು ಬಾಡಿಗೆ ಗಾಡಿಗೆ ಹೇರಿಕೊಂಡು, ಮೇಲುಕೋಟೆ ಬೆಟ್ಟದ ಬುಡ ಹಾದು, ಇವತ್ತು ಪಾಂಡವಪುರ ಎನ್ನುವ ಹಿರೋಡೆ ದಾಟಿ, ಗಂಡ ಹೆಂಡತಿ ಗಂಜಾಮಿಗೆ ಬಂದರು.

ಹೇಳಿದ್ದನ್ನೆಲ್ಲ ಸರ್ಕಾರ ಕೊಟ್ಟಿತು. ಎಬ್ಬಿಸಿ ತಂದದ್ದನ್ನು ಹೇಳುವ ಬಾಯಿ, ಕರೆದು ಕೊಟ್ಟದ್ದನ್ನೂ ಹೇಳಬೇಕು. ಜಾಗ ಸಿಕ್ಕಿತು, ಹೊಂಗೆ ಮರದ ನೆರಳೂ ಅದರ ಜೊತೆಗೇ ಬಂತು. ಕಂಬ, ತೊಲೆ, ಇದ್ದಿಲು, ಕಬ್ಬಿಣ, ಯಾವುದಕ್ಕೂ ಎರಡನೇ ಸಲ ಅಲೆಯಬೇಕಾಗಲಿಲ್ಲ. ಸೂರು ಎದ್ದ ದಿನ ದ್ಯಾವಮ್ಮ ನಿಮಿಷಾಂಬೆಗೆ ಹೋಗಿ ಕಾಯಿ ಒಡೆಸಿ, ಯಾರು ಕಡಿದರೋ ಯಾರು ಹೊತ್ತರೋ ಗೊತ್ತಿಲ್ಲದ ಆ ಕಂಬಕ್ಕೆ ಬಂದು ಕುಂಕುಮ ಇಟ್ಟಳು.

ಕೆಲಸಕ್ಕೂ ಕಾಯಬೇಕಾಗಲಿಲ್ಲ. ಹೊಳೆಯ ಆಚೆಗಿನ ಕಿರಂಗೂರಿನ ಕಮ್ಮಾರ ಯುದ್ಧದಲ್ಲಿ ಕೋಟೆಯ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಮೊದಲ ಮಳೆ ಬಿದ್ದದ್ದೇ ಆ ಊರಿನ ಬೋರಯ್ಯ ಎಂಬ ಗೌಡ ಒಂದು ಮೊಂಡು ಗುಳ ಹಿಡಿದುಕೊಂಡು ಬಂದ. ಚೂಪು ಮಾಡಿಸಿಕೊಂಡು, ಸೊಂಟದ ಚೀಲಕ್ಕೆ ಕೈ ಹಾಕಿ ಕೇಳಿದ:

"ಏನ್ ಕೊಡ್ಬೇಕಮ್ಮ?"

"ಕಣದಾಗೆ ನೋಡ್ಕಳಾನ ಬುಡಿ ಗೌಡ್ರೆ."

ಬೋರಯ್ಯ ಚೀಲದಿಂದ ಕೈ ತೆಗೆಯದೆ ಅವಳನ್ನೇ ನೋಡಿದ. ಪೇಟೆಯಲ್ಲಿ ಈ ಮಾತು ಹುಟ್ಟುತ್ತದೆ ಎಂದು ಅವನು ಎಣಿಸಿರಲಿಲ್ಲ. ಮಾರನೆಯ ದಿನದಿಂದ ಕಿರಂಗೂರಿನಲ್ಲಿ ಉಳಿದುಕೊಂಡಿದ್ದ ನೇಗಿಲುಗಳೆಲ್ಲ ಹರಿಗೋಲು ಹತ್ತಿ ದ್ಯಾವಮ್ಮನ ಮನೆಗೆ ಬಂದವು. ಹಳೆಯ ಗುಳ ಸವೆದುಹೋದವರಿಗೆ ಸರ್ಕಾರದ ಕಬ್ಬಿಣದಲ್ಲಿ ಹೊಸದನ್ನೇ ಮಾಡಿಕೊಟ್ಟರು. ಮಳೆಗಾಲ ಪೂರ್ತಿ ಕುಲುಮೆ ಆರಲಿಲ್ಲ. ಅಂಗಡಿಯ ಮುಂದೆ ಮಾತ್ರ ಒಂದು ಮೊಳೆಯೂ ಇರಲಿಲ್ಲ.

ಪಕ್ಕದ ಮನೆಯ ಪಾರ್ವತಮ್ಮ ಬಳೆ ಮಾರುವವಳು, ಶಿರಾದಿಂದ ಎಬ್ಬಿಸಿಕೊಂಡು ಬಂದ ಸಂಸಾರದವಳು. ಅವಳ ನಾಲಿಗೆ ಅವಳ ಬಳೆಗಿಂತ ಗಟ್ಟಿ.

"ಅಲ್ಲ ಕಣೆ ದ್ಯಾವಮ್ಮ, ಬೆಳಗ್ಗಿಂದ ಬೈಗಿನ್ ಗಂಟ ತಿದಿ ಒತ್ತೀಯ. ಅಂಗಡಿ ಮುಂದೆ ಒಂದು ಸೌಟಾದ್ರೂ ನೇತಾಕಿದ್ದೀಯಾ?"

"ಸೌಟು ಯಾಕಕ್ಕ? ಕೈ ತುಂಬ ಕೆಲ್ಸ ಐತಲ್ಲ."

"ಕೆಲ್ಸ ಐತೆ, ಯಾಪಾರ ಎಲ್ಲೈತೆ? ಸುಗ್ಗೀಲಿ ಕೊಡಿ ಅಂತ ನಾನೂ ಊರೆಣ್ಣುಗಳಿಗೆಲ್ಲ ಬಳೆ ತೊಡುಸ್ತಾ ಕುಂತಿದ್ರೆ, ನನ್ ಮಕ್ಳು ಬಳೆಚೂರು ತಿನ್ಬೇಕಾಯ್ತಿತ್ತು."

ದ್ಯಾವಮ್ಮ ನಕ್ಕು ತಿದಿಗೆ ಕೈ ಹಾಕಿದಳು. ಬೆಲೆ ಕೇಳುವುದು ಬಳೆಯವರ ಪದ್ಧತಿ, ನಮ್ಮದಲ್ಲ ಎಂದುಕೊಂಡಳು. ಅಲ್ಲೇ ಎಡವಿದ್ದು. ದೀವಳಿಗೆ ಮೊದಲು ಬರುತ್ತದೆ, ರಾಗಿಯ ಕಣ ಆಮೇಲೆ. ಹುಟ್ಟಿದಾಗಿನಿಂದ ನೋಡಿದ್ದ ಆ ಎರಡನ್ನೂ ಒಟ್ಟಿಗೆ ಇಟ್ಟು ಅವಳು ಯೋಚನೆ ಮಾಡಿರಲಿಲ್ಲ.

ದೀವಳಿಗೆಯ ವಾರದಲ್ಲಿ ಪೇಟೆಯ ಅಮಲ್ದಾರ ಮನೆ ಮನೆ ನೋಡುತ್ತಾ ಬಂದ. ದ್ಯಾವಮ್ಮನ ಅಂಗಡಿಯಲ್ಲಿ ಸರಕಿಲ್ಲ. ಸುಂಕದ ಕಟ್ಟೆಯಲ್ಲಿ ವಿಚಾರಿಸಿದರೆ ಈ ಕುಲುಮೆಯ ಒಂದು ಕುಡುಗೋಲೂ ಮಾರಾಟಕ್ಕೆ ಬಂದದ್ದಿಲ್ಲ. ಮುಂಗಡ ಕೊಟ್ಟ ಇದ್ದಿಲು ಮುಗಿದಿದೆ, ಕಬ್ಬಿಣವೂ ಮುಗಿದಿದೆ.

"ಕಬ್ಬಿಣ ಎಲ್ಲಿ ಹೋಯಿತಮ್ಮ?"

"ಕಿರಂಗೂರಿನ ಒಲದಾಗೈತೆ ಬುದ್ದಿ."

ಜೊತೆಗೆ ಬಂದಿದ್ದ ಸಿಪಾಯಿ ಕಿಸಕ್ಕನೆ ನಕ್ಕ. ಅಮಲ್ದಾರ ನಗಲಿಲ್ಲ. "ಸರ್ಕಾರದ ಮಾಲು ಯಾರಿಗೋ ಮಾರಿಕೊಂಡು ಕಥೆ ಹೇಳುತ್ತಿದ್ದೀಯ. ಅತ್ತಿಗುಪ್ಪೆಯಿಂದ ಬಂದ ಇನ್ನೊಂದು ಕುಲುಮೆಯವರು ಜಾಗಕ್ಕೆ ಕಾಯುತ್ತಿದ್ದಾರೆ. ಹಬ್ಬ ಕಳೆದ ಮಾರನೇ ದಿನ ಚಾವಡಿಗೆ ಬಾ. ಲೆಕ್ಕ ಒಪ್ಪಿಸಿದರೆ ಸರಿ, ಇಲ್ಲದಿದ್ದರೆ ಖಾಲಿ ಮಾಡು." ಇವತ್ತು ಕೆ.ಆರ್. ಪೇಟೆ ಆಗಿರುವ ಆ ಅತ್ತಿಗುಪ್ಪೆಯವರೂ ಇವರ ಹಾಗೆಯೇ ಕಷ್ಟ ಕಂಡವರು, ಅದನ್ನು ಅವಳು ಬಲ್ಲಳು. ಅಮಲ್ದಾರನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಪೂರ್ತಿ ಬರಲಿಲ್ಲ.

ಆ ಸಂಜೆ ಮಂಚಯ್ಯ ಬಾಯಿ ಬಿಟ್ಟ. "ಊರಿಗೋಗಾನ ಕಣೆ."

"ಯಾವೂರಿಗೆ?"

ಮಂಚಯ್ಯ ಎದ್ದು ಆರಿದ ಕುಲುಮೆಯ ಬೂದಿ ಕೆದಕಿದ.

ಬೆಳಗ್ಗೆ ದ್ಯಾವಮ್ಮ ಒಬ್ಬಳೇ ಹರಿಗೋಲಿನಲ್ಲಿ ಹೊಳೆ ದಾಟಿದಳು. ಬೋರಯ್ಯನ ಮನೆಯ ಅಂಗಳದಲ್ಲಿ ಇಬ್ಬರು ಮೂವರು ಕೂತು ಹಗ್ಗ ಹೊಸೆಯುತ್ತಿದ್ದರು. ಅವಳು ಜಗಲಿಯ ಕೆಳಗೇ ನಿಂತಳು.

"ನಿಮ್ ತಾವ ಏನೂ ಕೇಳಕ್ಕೆ ಬಂದಿಲ್ಲ ಗೌಡ್ರೆ."

"ಏನೂ ಕೇಳ್ದೆ ಓಗಕ್ಕೆ ಒಳೆ ದಾಟ್ಕಂಡು ಬಂದ್ಯಾ? ಕುಂತ್ಕೊ. ಏನಾಯ್ತು ಯೋಳು."

ಹೇಳಿದಳು. ಕೊನೆಗೆ ಅಂದಳು: "ಕೊಡೋದ್ನ ಕಣದಾಗೇ ಕೊಡಿ. ನಾನು ಕಬ್ಣ ಕದ್ದಿಲ್ಲ ಅಂತ ಒಂದ್ ಮಾತು ಬಂದು ಯೋಳಿ, ಸಾಕು."

ಬೋರಯ್ಯ ಹಗ್ಗ ಕೆಳಗಿಟ್ಟ. "ಗುಳ ಇಸ್ಕಂಡು ಬಂದೋರು ನಾವು, ಕಳ್ಳಿ ಅನ್ನುಸ್ಕಂಡೋಳು ನೀನು. ಸಂದಾಗೈತೆ ನ್ಯಾಯ!"

ಪಕ್ಕದಲ್ಲಿದ್ದ ಕರಿಯಪ್ಪ ಎಂಬ ರೈತ ಮೆಲ್ಲಗೆ ಅಂದ: "ಚಾವಡಿಗೆ ನಾವಾಗೇ ಓದ್ರೆ ನಮ್ ಕಂದಾಯದ ಬಾಕಿ ಎತ್ತಾರೆ ಕಣಣ್ಣ. ಮಲಗಿರೋ ನಾಯಿನ ಯಾಕೆ ಮೆಟ್ಬೇಕು?"

"ಎತ್ಲಿ ಕಣ್ಲಾ. ಮಳೆ ಬಿದ್ದಾಗ ನಿನ್ ಗುಳಾನ ಬಾಯಾಗೆ ಕಚ್ಚಿ ಚೂಪು ಮಾಡ್ಕಂಡಿದ್ದೇನ್ಲಾ?"

ಕರಿಯಪ್ಪ ತಲೆ ತಗ್ಗಿಸಿದ. ಅವನ ಹೆದರಿಕೆ ಸುಳ್ಳೇನಲ್ಲ. ಚಾವಡಿಯ ಮೆಟ್ಟಿಲನ್ನು ಇನ್ನೊಬ್ಬರಿಗಾಗಿ ಹತ್ತುವುದು ಆಗಲೂ ಕಷ್ಟ, ಈಗಲೂ ಕಷ್ಟ. ನೆರೆಯವನ ಅಂಗಡಿಗೆ ಬೀಗ ಬಿದ್ದರೆ ನಾವು ಕಿಟಕಿ ಮುಚ್ಚಿಕೊಂಡು, ಅವನದೇ ಏನೋ ತಪ್ಪಿರಬೇಕು ಎಂದು ಅನ್ನ ಕಲಸುವ ಜನ. ಕಿರಂಗೂರಿನವರು ಆ ದಿನ ಹಾಗೆ ಮಾಡಲಿಲ್ಲ. ಈ ಕಥೆಯನ್ನು ಹೇಳಬೇಕಾಗಿರುವುದು ಅದಕ್ಕೇ.

ಹಬ್ಬದ ಮಾರನೇ ದಿನ ಚಾವಡಿಯ ಅಂಗಳದಲ್ಲಿ ನೇಗಿಲುಗಳ ಸಾಲು ನಿಂತಿತ್ತು. ಹರಿಗೋಲಿಗೆ ಹೇರಿ, ಹೊಳೆ ದಾಟಿಸಿ, ಹೆಗಲ ಮೇಲೆ ಹೊತ್ತು ತಂದಿದ್ದರು. ಕರಿಯಪ್ಪನ ನೇಗಿಲೂ ಇತ್ತು. ಅಮಲ್ದಾರ ಹೊರಗೆ ಬಂದು ಹೌಹಾರಿದ.

"ಏನಿದು? ಚಾವಡಿ ಉಳುವುದಕ್ಕೆ ಬಂದಿರಾ?"

"ಸರ್ಕಾರದ ಕಬ್ಣ ಕಳೆದೋಗೈತೆ ಅಂದ್ರಂತೆ ಬುದ್ದಿ" ಎಂದ ಬೋರಯ್ಯ. "ಇಗಳಿ, ಊರಿಂದ ಉಡುಕ್ಕೊಂಡು ತಂದಿದೀವಿ."

ಅಮಲ್ದಾರ ಬಗ್ಗಿ ಗುಳಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕಳ್ಳತನದ ಮಾತು ಅಲ್ಲಿಗೆ ಮುಗಿಯಿತು. ಆದರೆ ಜಾಗದ ಮಾತು ಮುಗಿಯಲಿಲ್ಲ.

"ಇದಕ್ಕೆ ಏನು ಕೊಟ್ಟಿರಿ?"

"ಇನ್ನೂ ಕೊಟ್ಟಿಲ್ಲ. ಆಯ ಬುದ್ದಿ, ಕಣದಾಗೆ ಕೊಡ್ತೀವಿ."

"ಆಯ ಹಳ್ಳಿಗೆ ಸರಿ. ಇದು ಪೇಟೆ. ದಾರಿಯಲ್ಲಿ ಹೋಗುವವನು ಬಂದು ಕೊಂಡುಕೊಳ್ಳುವ ಹಾಗೆ ಸರಕು ಇರಲಿ ಅಂತ ಸರ್ಕಾರ ಜಾಗ ಕೊಟ್ಟಿತು, ತೆರಿಗೆ ಬಿಟ್ಟಿತು. ಒಂದೂರಿನ ನೇಗಿಲು ನೋಡಿಕೊಳ್ಳುವುದಕ್ಕಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದ್ಯಾವಮ್ಮ ಸೆರಗು ಬಿಗಿಮಾಡಿಕೊಂಡು ಮುಂದೆ ಬಂದಳು.

"ತಪ್ಪು ನಂದೇ ಬುದ್ದಿ. ಬೆಲೆ ಕೇಳಕ್ಕೆ ನಾಲ್ಗೆ ಬರ್ನಿಲ್ಲ. ನಮ್ಮತ್ತೆ ಕೇಳ್ನಿಲ್ಲ, ಅವ್ರತ್ತೆ ಕೇಳ್ನಿಲ್ಲ. ಕಲ್ತ್ಕತೀನಿ, ಒಂದೀಟು ಪುರಸೊತ್ತು ಕೊಡಿ."

"ಕಲಿಯದಿದ್ದರೆ? ಸರ್ಕಾರದ ಮುಂಗಡಕ್ಕೆ ಹೊಣೆ ಯಾರು?"

ಬೋರಯ್ಯ ತಲೆಯ ವಸ್ತ್ರ ತೆಗೆದು ಕಂಕುಳಿಗೆ ಇಟ್ಟುಕೊಂಡ.

"ನಾನು ಜಾಮೀನು. ಸಂಕ್ರಾಂತಿ ಒತ್ಗೆ ಅವ್ಳು ಪೇಟೇಲಿ ಅಂಗಡಿ ನಡುಸ್ದೆ ಓದ್ರೆ ನನ್ ಜೋಡೆತ್ತು ಒಡ್ಕಂಡೋಗಿ."

ಆ ಕಾಲದಲ್ಲಿ ಆ ಸೀಮೆಯಲ್ಲಿ ಜೋಡೆತ್ತು ಉಳಿಸಿಕೊಂಡವನೇ ಭಾಗ್ಯವಂತ. ಯುದ್ಧದಲ್ಲಿ ಕಾಡಿನೊಳಗೆ ಬಚ್ಚಿಟ್ಟು ಕಾಪಾಡಿಕೊಂಡ ಎತ್ತುಗಳು ಅವು. ಅವನ್ನು, ನೆಂಟಳಲ್ಲದ, ತನ್ನ ಜಾತಿಯವಳಲ್ಲದ, ಮೊನ್ನೆ ಮೊನ್ನೆ ಬಂದ ಹೆಂಗಸಿನ ಅಂಗಡಿಗೆ ಒಡ್ಡಿದ. ದ್ಯಾವಮ್ಮ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕರಿಯಪ್ಪನ ದನಿ ಕೇಳಿತು:

"ಅಣ್ಣನ ಎತ್ತು ಓದ್ರೆ ಮುಂದಿನ್ ವರ್ಸ ನನ್ ಎತ್ತಲ್ಲಿ ಅವನ ಒಲ ಉತ್ತುಕೊಡ್ತೀನಿ ಬುದ್ದಿ. ಅದ್ನೂ ಬರ್ಕೊಳಿ."

ಅಮಲ್ದಾರ ಸಂಕ್ರಾಂತಿಯವರೆಗೆ ಗಡುವು ಕೊಟ್ಟ. ಸುಗ್ಗಿಯಲ್ಲಿ ಕಿರಂಗೂರಿನವರು ಅಳೆದುಕೊಟ್ಟ ರಾಗಿಯಲ್ಲಿ ಒಂದು ಪಾಲು ಮಾರಿ ದ್ಯಾವಮ್ಮ ಇದ್ದಿಲು, ಕಬ್ಬಿಣ ಕೊಂಡಳು.

ಬೆಲೆ ಕೇಳುವುದನ್ನು ದ್ಯಾವಮ್ಮನಿಗೆ ಕಲಿಸಿದವಳು ಪಾರ್ವತಮ್ಮ. ಮಂಚಯ್ಯ ಮಾಡಿದ ಮೊದಲ ಸೌಟನ್ನು ತಾನೇ ಕೊಳ್ಳಲು ಬಂದಳು.

"ಇದ್ಕೆಷ್ಟು?"

"ನೀನು ಕೊಟ್ಟಷ್ಟು ಕೊಡಕ್ಕ."

"ಅಂಗನ್ಬೇಡ ಕಣೆ ಮುಂಡೇದೆ! ಬೆಲೆ ಯೋಳು. ನಾನು ಬೈತೀನಿ, ಎದ್ದೋಗ್ತೀನಿ. ನೀನು ಕರೀಬಾರ್ದು. ನಾನೇ ತಿರುಗ್ ಬತ್ತೀನಿ."

ಪಾಠ ಹಾಗೇ ನಡೆಯಿತು. ಒಂದು ಸಲ ಪಾರ್ವತಮ್ಮ ನಿಜವಾಗಿಯೂ ಎದ್ದುಹೋದಳೆಂದು ಹೆದರಿ ದ್ಯಾವಮ್ಮ ಬೀದಿಯ ತುದಿವರೆಗೆ ಓಡಿ, ಸೌಟನ್ನು ಬಿಟ್ಟಿಯಾಗಿ ಕೊಟ್ಟು ಬಂದು, ಮತ್ತೆ ಬೈಸಿಕೊಂಡಳು. ಆದರೂ ಸಂಕ್ರಾಂತಿಗೆ ಅಮಲ್ದಾರ ಬಂದು ನೋಡುವಾಗ ಅಂಗಡಿಯ ಮುಂದೆ ಸೌಟು, ಕುಡುಗೋಲು, ಬಾಗಿಲ ಚಿಲಕ, ತೊಟ್ಟಿಲ ಸರಪಳಿ ತೂಗುತ್ತಿದ್ದವು. ಕೊಳ್ಳುವವರು ನಿಂತಿದ್ದರು. ಅವನೂ ಒಂದು ಚಿಲಕಕ್ಕೆ ಬೆಲೆ ಕೇಳಿದ. ದ್ಯಾವಮ್ಮ ಹೇಳಿದಳು, ಹೇಳುವಾಗ ದನಿ ನಡುಗಿತು, ಬೆಲೆ ಇಳಿಯಲಿಲ್ಲ. ಅವನು ಅಷ್ಟನ್ನೂ ಕೊಟ್ಟು ಹೋದ. ಬೋರಯ್ಯನ ಎತ್ತುಗಳು ಕೊಟ್ಟಿಗೆಯಲ್ಲೇ ಉಳಿದವು.

ಅತ್ತಿಗುಪ್ಪೆಯವರಿಗೆ ಹಿಂದಿನ ಬೀದಿಯಲ್ಲಿ ಜಾಗ ಸಿಕ್ಕಿತು. ಅವರಿಗೆ ಮೊದಲ ದಿನದ ಅಡುಗೆಯನ್ನು ದ್ಯಾವಮ್ಮನೇ ಹೊತ್ತುಕೊಂಡು ಹೋಗಿ ಬಡಿಸಿದಳು. ಕಿರಂಗೂರಿನ ಗುಳಗಳಿಗೆ ಮಾತ್ರ ಅವಳು ಕೊನೆಯವರೆಗೂ ಬೆಲೆ ಹೇಳಲಿಲ್ಲ. ಪ್ರತಿ ಸಂಕ್ರಾಂತಿಗೂ ಹೊಳೆ ದಾಟಿ ಹೋಗಿ ಬೋರಯ್ಯನ ಎತ್ತುಗಳ ಕೊಂಬಿಗೆ ಎಣ್ಣೆ ಸವರುತ್ತಿದ್ದಳು. "ನನ್ ಕುಲುಮೆ ನಿಂತಿರೋದು ಈ ಕೊಂಬಿನ ಮೇಲೆ" ಎನ್ನುತ್ತಿದ್ದಳು. ಬೋರಯ್ಯ, "ಅಂಗಾರೆ ಅವು ಕತ್ತು ಅಳ್ಳಾಡುಸ್ದಂಗೆ ನೋಡ್ಕಬೇಕು ಬುಡು" ಎಂದು ನಗುತ್ತಿದ್ದ.

ತೊಂಬತ್ತೊಂಬತ್ತರಲ್ಲಿ ಕೋಟೆ ಬಿತ್ತು. ಜಾಗ ಕೊಟ್ಟ ಸರ್ಕಾರ ಹೋಯಿತು, ಗಡುವು ಕೊಟ್ಟ ಅಮಲ್ದಾರ ಎಲ್ಲಿ ಹೋದನೋ. ಪೇಟೆಯಿಂದ ಅರ್ಧ ಜನ ಗಂಟು ಕಟ್ಟಿದರು. ಮುಂದಿನ ಮಳೆ ಬಿದ್ದಾಗ ಕಿರಂಗೂರಿನಿಂದ ಮೊಂಡು ಗುಳಗಳು ಎಂದಿನ ಹಾಗೆ ಹರಿಗೋಲು ಹತ್ತಿ ಬಂದವು. ದ್ಯಾವಮ್ಮ ತಿದಿ ಒತ್ತಿದಳು.

ನಿಮ್ಮ ಬೀದಿಗೂ ಈ ವರ್ಷ ಯಾರೋ ಹೊಸಬರು ಬಂದಿದ್ದಾರೆ. ಸರ್ಕಾರದ ಸಾಲದಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿರಬಹುದು, ಗಾಡಿ ರಿಪೇರಿಗೆ ಒಂದು ತಗಡಿನ ಶೆಡ್ಡು ಹಾಕಿಕೊಂಡಿರಬಹುದು. ಅವರ ಹೆಸರು ನಿಮಗೆ ಗೊತ್ತಿಲ್ಲ. ನಾಳೆ ಬೆಳಗ್ಗೆ ಹೋಗಿ ಕೇಳಿ. ಅವರನ್ನು ಎಬ್ಬಿಸಲು ಕಚೇರಿಯವರು ಬಂದ ದಿನ ಕಿಟಕಿ ಮುಚ್ಚಬೇಡಿ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ, ಅವರ ಪಕ್ಕದಲ್ಲಿ ನಿಲ್ಲಿ, ನಿಮ್ಮ ಹೆಸರು ಹೇಳಿ, ಇವರಿಗೆ ನಾನು ಜಾಮೀನು ಎನ್ನಿ.