ಗೊಂಬೆ ಹೊತ್ತ ಪುಸ್ತಕಗಳು

ನಮ್ಮ ಕನ್ನಡ ಲೈಬ್ರರಿಯ ಅಷ್ಟೂ ಪುಸ್ತಕಗಳು ಈ ನವರಾತ್ರಿಗೆ ಒಂದೇ ದಿನ ಬೀರುವಿನಿಂದ ಹೊರಗೆ ಬಂದವು. ಓದುವವರ ಕ್ಯೂ ಇತ್ತೇ? ಛೆ ಛೆ, ಅಂಥ ಅನಾಹುತವೇನೂ ಆಗಲಿಲ್ಲ. ಗೊಂಬೆ ಕೂರಿಸಲು ಮೆಟ್ಟಿಲು ಬೇಕಿತ್ತು.

ನಾಗಪುರದ ಪ್ರತಾಪ ನಗರದ ಒಂದು ಮನೆಯ ಮಹಡಿಯಲ್ಲಿರುವ ಈ ಲೈಬ್ರರಿಗೆ ನಾನು ಕಾರ್ಯದರ್ಶಿ. ನಮ್ಮಲ್ಲಿ ಮೈಸೂರು ಕಡೆಯವರಿಗೆ ದಸರಾ ಎಂದರೆ ಗೊಂಬೆ, ಧಾರವಾಡ ಕಡೆಯವರಿಗೆ ಬನ್ನಿ, ಇಬ್ಬರಿಗೂ ಬೇಕಾದದ್ದು ಸರಸ್ವತಿ ಪೂಜೆ. ಹಳೆಯ ಮರದ ಮೆಟ್ಟಿಲುಗಳನ್ನು ಗೆದ್ದಲು ತಿಂದುಹಾಕಿತ್ತು. ಪಕ್ಕದಲ್ಲೇ ಇದ್ದ ಪುಸ್ತಕಗಳನ್ನು ಮಾತ್ರ ಮುಟ್ಟಿರಲಿಲ್ಲ. (ನಮ್ಮ ಗೆದ್ದಲಿಗೂ ಓದುವ ಹವ್ಯಾಸ ಇಲ್ಲ.)

"ಪುಸ್ತಕಗಳನ್ನೇ ಪೇರಿಸಿ ಮೆಟ್ಟಿಲು ಮಾಡೋಣ, ಸರಸ್ವತಿ ಪೂಜೆನೂ ಅಲ್ಲೇ ಆಗುತ್ತೆ" ಎಂದು ಐಡಿಯಾ ಕೊಟ್ಟವಳು ನಾನೇ. ಚಪ್ಪಾಳೆ ಬಿತ್ತು.

ದಪ್ಪ ಕಾದಂಬರಿಗಳು ಅಡಿಪಾಯಕ್ಕೆ. ನಿಘಂಟುಗಳು ಮೂಲೆಗಳಿಗೆ. ಕವನ ಸಂಕಲನಗಳಿಗೆ ತೂಕ ಸಾಲದೆಂದು ಮೇಲಿನ ಮೆಟ್ಟಿಲು. ಯಾವ ವಿಮರ್ಶಕನೂ ಇಷ್ಟು ಪಕ್ಕಾ ವಿಂಗಡಿಸಿರಲಿಕ್ಕಿಲ್ಲ. ಬಿಳಿ ಪಂಚೆ ಹೊದಿಸಿ, ರಾಜ, ರಾಣಿ, ಶೆಟ್ಟಿ ದಂಪತಿ, ಸಿಪಾಯಿಗಳನ್ನು ಕೂರಿಸಿದೆವು. ಸಪ್ತಮಿಯ ದಿನ ಪೂಜೆಯೂ ಆಯಿತು. ವಾಟ್ಸಾಪ್ ಗ್ರೂಪಿನ ತುಂಬ ಕೈ ಮುಗಿಯುವ ಇಮೋಜಿಗಳು.

ಅಷ್ಟಮಿಯ ಮಧ್ಯಾಹ್ನ ನಾವು ಕಮಿಟಿಯ ಏಳೂ ಜನ ಉಸುಳಿ ತಿನ್ನುತ್ತ ಕೂತಿದ್ದೆವು. ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. ಹೆಸರು ಶ್ರಾವಣಿ. ಕಾಲೇಜು ಓದುತ್ತಾಳೆ, ಹುಟ್ಟಿ ಬೆಳೆದದ್ದು ಇಲ್ಲೇ.

"ಕಾಕು, ಒಂದು ಕತಿ ಪುಸ್ತಕ ಬೇಕಿತ್ರಿ, ಜಲ್ದಿ. ಅಜ್ಜಿ ರಾಮದಾಸಪೇಠ್ ದವಾಖಾನ್ಯಾಗ ಅದಾಳ. ಬಿದ್ದು ಸೊಂಟದ ಎಲುಬು ಮುರದೈತಿ, ಚಷ್ಮಾನೂ ಒಡದೈತಿ. ನಾಳೆ ಆಪರೇಷನ್. ಭಾಳ ಅಂಜ್ಯಾಳ್ರಿ. ಕನ್ನಡದಾಗ ಏನರ ಓದಿ ಹೇಳು ಅನ್ನಾಕತ್ಯಾಳ. ನನಗ ಬರೋಬರ್ ಓದಾಕ ಬರಂಗಿಲ್ಲ, ಆದ್ರೂ ಅಕ್ಷರ ಕೂಡಿಸಿ ಓದ್ತೀನಿ."

ಲೈಬ್ರರಿಗೆ ಪುಸ್ತಕ ಕೇಳಿಕೊಂಡು ಬರುವುದೆಂದರೇನು! ನಮಗೆ ದಿಕ್ಕೇ ತೋಚಲಿಲ್ಲ. ಅಧ್ಯಕ್ಷ ದೇಸಾಯಿಯವರು ಗಂಟಲು ಸರಿ ಮಾಡಿಕೊಂಡರು.

"ಪುಸ್ತಕ ಎಲ್ಲಾ ಪೂಜಾಕ್ಕ ಇಟ್ಟೀವಿ ತಂಗಿ, ಮುಟ್ಟಬಾರದು. ದಸರಾ ದಿವಸ ಬಾ. ಒಂದ್ಯಾಕ, ಎರಡು ಒಯ್ಯಿ."

"ಆಪರೇಷನ್ ನಾಳೇನ ಐತ್ರಿ, ಕಾಕಾ."

"ಅದಕ್ಕ ಅಂತೀನಿ, ಸರಸ್ವತಿಗೆ ನಮಸ್ಕಾರ ಮಾಡು. ಎಲ್ಲಾ ಚಲೋ ಆಗ್ತದ."

ಮತ್ತೆ ನಾನು? ವಾರವಾರ ಇದೇ ಅಂಕಣದಲ್ಲಿ ನಿಮಗೆಲ್ಲ 'ಓದಿ, ಓದಿ' ಎಂದು ಉಪದೇಶ ಮಾಡುವ ನಾನು ಅವಳಿಗೆ ಕುಂಕುಮ ಮತ್ತು ಉಸುಳಿ ಕೊಟ್ಟೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಹುಡುಗಿ ವಾದ ಮಾಡಲಿಲ್ಲ. "ನೋಡಬಹುದಲ್ರಿ?" ಎಂದು ಕೇಳಿ, ಅಜ್ಜಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ನೆಲದ ಮೇಲೆ ಕೂತು, ಪಂಚೆಯ ಅಂಚು ತುಸು ಎತ್ತಿ, ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನೇ ಅಕ್ಷರ ಕೂಡಿಸಿ ಓದತೊಡಗಿದಳು. ಒಂದಾದ ಮೇಲೆ ಒಂದು. ಅಜ್ಜಿ ಹೂಂಗುಟ್ಟುತ್ತಿದ್ದರು.

"ಹೆಸರು ಭಾಳ ಚಲೋ ಅದಾವ. ಕತಿ?"

"ಪೂಜಾಕ್ಕ ಇಟ್ಟಾರ ಅಜ್ಜಿ, ಮುಟ್ಟಬಾರದಂತ."

"ಹಂಗಾರ ಮುಟ್ಟಬ್ಯಾಡ. ಅಲ್ಲೆ ಹಿರ್ಯಾರು ಅದಾರಲ್ಲ? ಯಾರರ ಓದಿದವರ ಕೈಯಾಗ ಫೋನ್ ಕೊಡು. ಅವರ ಕತಿ ಹೇಳ್ಲಿ."

ಫೋನ್ ಮೊದಲು ದೇಸಾಯಿಯವರ ಕೈಗೆ ಹೋಯಿತು. ಅವರು ಅಡಿಪಾಯದ ಕಡೆ ಕಣ್ಣು ಹಾಯಿಸಿ, "ಇದು... ಸಾಮಾಜಿಕ ಕಾದಂಬರಿ ಐತ್ರಿ" ಎಂದು ಹೇಳಿ ಫೋನನ್ನು ಪಕ್ಕದಲ್ಲಿ ಕೂತಿದ್ದ ಮೂರ್ತಿಯವರಿಗೆ ದಾಟಿಸಿದರು. "ನಮ್ಮ ಮನೆಯವರು ಓದಿರಬಹುದು, ಊರಿಗೆ ಹೋಗಿದಾರೆ" ಎಂದರು ಮೂರ್ತಿ. ಮೂರನೆಯವರಿಗೆ ಸಿಗ್ನಲ್ ಸಿಗಲಿಲ್ಲ. (ನಮಗೆಲ್ಲ ಅಜ್ಜಿಯ ಉಸಿರು ಕೂಡ ಕೇಳುತ್ತಿತ್ತು.) ಆರೂ ಕೈ ದಾಟಿ ಕೊನೆಗೆ ನನ್ನ ಹತ್ತಿರ ಬಂತು.

"ಅಜ್ಜಿ, ನಾಳೆ ಓದಿಕೊಂಡು ಬಂದು ನಾನೇ ಹೇಳ್ತೀನಿ."

"ನಾಳೆ ನಾ ಇರ್ತೀನೋ ಇಲ್ಲೋ, ತಂಗಿ."

ಅದರಲ್ಲಿ ಕುಹಕ ಇರಲಿಲ್ಲ. ಬರೀ ಹೆದರಿಕೆ. ನನಗೆ ನಾಚಿಕೆಯಾಯಿತು. ಪಂಚೆಯೊಳಗೆ ಕೈ ಹಾಕಿ, ಮೂರನೆಯ ಮೆಟ್ಟಿಲಿನ ಒಂದು ಕಥಾಸಂಕಲನ ಎಳೆದುಬಿಟ್ಟೆ. ಶೆಟ್ಟಿ ದಂಪತಿ ಉರುಳಿದರು. ಶೆಟ್ಟಿಯ ಮೂಗು ಹೋಯಿತು.

"ವೈನಿ! ಅಪಚಾರ!" ದೇಸಾಯಿಯವರು ಎದ್ದು ನಿಂತರು.

ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದೆ ಅಂಟಿಸಿದ ಚೀಟಿಯಲ್ಲಿ ತಾರೀಖಿನ ಸೀಲು ಒಂದೂ ಇರಲಿಲ್ಲ. ಹುಡುಗಿ ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿದಳು.

ಎಂಟು ಪುಟ ಕೇಳಿಸಿಕೊಂಡೇ ಅಜ್ಜಿ ಆಪರೇಷನ್ ಥಿಯೇಟರಿಗೆ ಹೋದರಂತೆ. ಈಗ ಚೇತರಿಸಿಕೊಳ್ಳುತ್ತಿದ್ದಾರೆ, ಕತೆ ಮುಂದುವರಿದಿದೆ. ಇತ್ತ ನಮ್ಮ ಕಮಿಟಿ ಶೆಟ್ಟಿಯ ಮೂಗಿನ ಬಗ್ಗೆ ತುರ್ತು ಸಭೆ ಸೇರಿ, ಇನ್ನು ಮುಂದೆ ಪೂಜೆಗಿಟ್ಟ ಪುಸ್ತಕವನ್ನು ಯಾರೂ ಮುಟ್ಟತಕ್ಕದ್ದಲ್ಲ ಎಂದು ಠರಾವು ಪಾಸು ಮಾಡಿತು. ನಾನೂ ತಲೆ ತಗ್ಗಿಸಿ ಸಹಿ ಹಾಕಿದೆ.

ಒಪ್ಪೋಣ, ಪೂಜೆಯ ದಿನಗಳಲ್ಲಿ ಪುಸ್ತಕ ಮುಟ್ಟಬೇಡಿ ಎಂದು ಸರಸ್ವತಿಯೇ ಅಂದಳು. ವರ್ಷದ ಉಳಿದ ದಿನಗಳಲ್ಲಿ ನಮ್ಮ ಕೈ ಹಿಡಿದು ತಡೆದವರು ಯಾರು?