ಲಿಫ್ಟಣ್ಣ ಪಫ್ ಮಾಡಲು ನಿಂತದ್ದು

ನಮ್ಮನೆಯವರಿಗೆ ಮುಚ್ಚಿದ ಬಾಗಿಲು ಕಂಡರೆ ಆಗದು. ಹೊಗಳಿಕೆಗೆ ಹೇಳುತ್ತಿಲ್ಲ, ರೋಸಿಹೋಗಿ ಹೇಳುತ್ತಿದ್ದೇನೆ. ಬೀರು, ಫ್ರಿಜ್ಜು, ಬಚ್ಚಲು, ಪಕ್ಕದ ಮನೆಯ ಗೇಟು, ಯಾವುದಾದರೂ ಸರಿ, ಒಂದು ನಿಮಿಷಕ್ಕಿಂತ ಹೆಚ್ಚು ಮುಚ್ಚಿಕೊಂಡಿದ್ದರೆ ಇವರ ಕೈ ತುರಿಸುತ್ತದೆ. ಎದ್ದು ಹೋಗಿ ತೆರೆಯುತ್ತಾರೆ, ಇಣುಕುತ್ತಾರೆ, ಮತ್ತೆ ಮುಚ್ಚುತ್ತಾರೆ. ಮೂವತ್ತೊಂದು ವರ್ಷ ಒಂಬತ್ತು ಮಹಡಿಯ ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸಿದ ಮನುಷ್ಯ. ಹಳೇ ಕಾಲದ ಲಿಫ್ಟು ಅದು. ಜಾಲರಿ ಬಾಗಿಲನ್ನು ಕೈಯಲ್ಲೇ ಎಳೆಯಬೇಕು, ಹಿಡಿಕೆ ತಿರುಗಿಸಬೇಕು, ಮಹಡಿಯ ನೆಲಕ್ಕೆ ಸರಿಸಮ ನಿಲ್ಲಿಸಬೇಕು. ಅಲ್ಲಿ ದೊಡ್ಡ ಸಾಹೇಬರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಇವರು ಲಿಫ್ಟಣ್ಣ.

ನಿವೃತ್ತಿಯಾಗಿ ಎಂಟು ತಿಂಗಳು. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮದು ಎರಡು ಕೋಣೆಯ ಮನೆ, ಅದರಲ್ಲಿ ದಿನಕ್ಕೆ ನಾಲ್ಕು ಮೈಲಿ ನಡೆಯುತ್ತಾರೆ. ನಾನು ತರಕಾರಿ ಹೆಚ್ಚಲು ಕೂತರೆ ಹಿಂದೆ ಬಂದು ನಿಲ್ಲುತ್ತಾರೆ. ಬಟ್ಟೆ ಒಣಹಾಕಲು ಹೋದರೆ ನನಗಿಂತ ಮೊದಲು ಹೋಗಿ ಮಹಡಿಯ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು, "ಬನ್ನಿ" ಎನ್ನುತ್ತಾರೆ. ಕಟ್ಟಿಕೊಂಡ ಹೆಂಡತಿಗೆ ಬಹುವಚನ! "ರೀ, ನಾನು ನಿಮ್ಮ ಆಫೀಸಿನ ಮೇಡಂ ಅಲ್ಲ" ಎಂದು ರೇಗಿದರೆ ನಾಚಿಕೊಂಡು ಕೆಳಗಿಳಿದು ಹೋಗುತ್ತಾರೆ, ಎರಡು ನಿಮಿಷಕ್ಕೆ ಮತ್ತೆ ಹಾಜರು.

ಒಂದು ಸಂಗತಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿವೃತ್ತಿಯಾದ ಎರಡನೇ ತಿಂಗಳು ಇವರು ಶರಟು ಇಸ್ತ್ರಿ ಮಾಡಿಸಿಕೊಂಡು ಆ ಕಟ್ಟಡಕ್ಕೆ ಹೋಗಿದ್ದರು. ಸುಮ್ಮನೆ, ಎಲ್ಲರನ್ನೂ ಮಾತಾಡಿಸಿಕೊಂಡು ಬರೋಣ ಎಂದು. ಬಾಗಿಲಲ್ಲಿ ಹೊಸ ಕಾವಲುಗಾರ. "ಯಾರನ್ನ ನೋಡಬೇಕು?" ಎಂದನಂತೆ. ಇವರು ಯೋಚಿಸಿದರಂತೆ. ಒಂಬತ್ತು ಮಹಡಿಯ ಜನರೂ ಗೊತ್ತು, ಆದರೆ ಯಾರನ್ನು ನೋಡಬೇಕು ಎಂದರೆ ಬಾಯಿಗೆ ಒಂದು ಹೆಸರೂ ಬರಲಿಲ್ಲ. "ಲಿಫ್ಟನ್ನ" ಎಂದರಂತೆ. ಅವನು ನಕ್ಕು, ಪಾಸ್ ಇಲ್ಲದೆ ಬಿಡೋ ಹಾಗಿಲ್ಲ ಎಂದು ಹೊರಗೆ ಕಳಿಸಿದ. ಮನೆಗೆ ಬಂದವರು ಊಟ ಮಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ನನಗೆ ಆ ಕಾವಲುಗಾರನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಲಟ್ಟಣಿಗೆಯಲ್ಲೇ ಪಾಸ್ ಕೊಡುತ್ತಿದ್ದೆ.

ಈಗ ಪಫ್ ವಿಷಯ. ಬೀಳ್ಕೊಡುಗೆಗೆ ಕಟ್ಟಡದವರೆಲ್ಲ ಸೇರಿ ಇವರಿಗೊಂದು ಓವನ್ ಕೊಟ್ಟಿದ್ದರು. ಲಿಫ್ಟ್ ನಡೆಸಿದವರಿಗೆ ಓವನ್ ಯಾಕೆ ಎಂದು ನಾನೂ ಕೇಳಿದೆ. ಯಾರೋ ಮಾರುವವರು ಸಿಕ್ಕಿರಬೇಕು. ಆರು ತಿಂಗಳು ಅದರ ಮೇಲೆ ನನ್ನ ಬೇಳೆ ಡಬ್ಬಗಳು ಕೂತಿದ್ದವು. ಒಂದು ದಿನ ಇವರು ಡಬ್ಬಗಳನ್ನೆಲ್ಲ ಇಳಿಸಿ, "ಲೇ, ಪಫ್ ಮಾಡ್ತೀನಿ" ಎಂದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ಎಂದುಕೊಂಡೆ.

ಆದರೆ ಇವರಿಗೆ ಪಫ್ ಗೊತ್ತಿತ್ತು, ಅರ್ಧಂಬರ್ಧ. ದಿನಾ ನಾಲ್ಕು ಗಂಟೆಗೆ ಬೇಕರಿಯ ಮುದುಕನೊಬ್ಬ ತಲೆ ಮೇಲೆ ಟ್ರೇ ಹೊತ್ತು ಇವರ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯ ಕ್ಯಾಂಟೀನಿಗೆ ಹೋಗುತ್ತಿದ್ದ. ನೆಲದಿಂದ ನಾಲ್ಕನೇ ಮಹಡಿಗೆ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಆತ ದಿನಕ್ಕೊಂದು ಮಾತು ಹೇಳುತ್ತಿದ್ದ: ಬೆಣ್ಣೆ ಗಟ್ಟಿಯಿರಬೇಕು, ನೀರು ತಣ್ಣಗಿರಬೇಕು, ಹಿಟ್ಟನ್ನು ಉದ್ದಕ್ಕೆ ಲಟ್ಟಿಸಿ ಮೂರು ಮಡಿಕೆ ಮಾಡಬೇಕು, ಮಡಚಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಮಲಗಿಸಬೇಕು, ಹೀಗೆ ಆರು ಸಲ. ಹನ್ನೊಂದು ವರ್ಷದ ಪಾಠ. ಬೇಯಿಸುವ ವಿಷಯಕ್ಕೆ ಬರುವ ಹೊತ್ತಿಗೆ ಮುದುಕ ಕೆಲಸ ಬಿಟ್ಟು ಮಗಳ ಊರಿಗೆ ಹೋದ. ಹೀಗಾಗಿ ಇವರಿಗೆ ಓವನ್ನಿನ ಬಾಗಿಲವರೆಗೆ ಎಲ್ಲ ಗೊತ್ತು, ಅಲ್ಲಿಂದಾಚೆ ಏನೂ ಗೊತ್ತಿಲ್ಲ.

ಹಿಟ್ಟು ನಾದುವುದು ನೋಡಿ ನಾನೇ ಬೆರಗಾದೆ. ಬೆಣ್ಣೆಯನ್ನು ಎರಡು ಕಾಗದದ ನಡುವೆ ಇಟ್ಟು ಲಟ್ಟಣಿಗೆಯಿಂದ ಬಡಿದು ಚಪ್ಪಟೆ ಮಾಡಿ, ಹಿಟ್ಟಿನಲ್ಲಿ ಲಕೋಟೆಯ ಹಾಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು. ನೆಲಕ್ಕೆ ಸರಿಸಮ ನಿಲ್ಲಿಸಿ ರೂಢಿಯಾದ ಕೈ, ಒಂದು ಕೂದಲೆಳೆಯೂ ಆಚೀಚೆಯಿಲ್ಲ. ಮಸಾಲೆ ನನ್ನ ಪಾಲು: ಬೇಯಿಸಿದ ಆಲೂಗಡ್ಡೆ, ಬಟಾಣಿ, ಕೆಂಪಗೆ ಹುರಿದ ಈರುಳ್ಳಿ, ಮೆಣಸಿನ ಪುಡಿ. ಎಲ್ಲ ಸರಿ. ಆದರೆ ಹಿಟ್ಟು ಅರ್ಧ ಗಂಟೆ ಮಲಗಬೇಕಲ್ಲ! ಆ ಅರ್ಧ ಗಂಟೆಯಲ್ಲಿ ಇವರು ಫ್ರಿಜ್ಜನ್ನು ಹನ್ನೆರಡು ಸಲ ತೆರೆದರು.

"ಅದೇನು ತೊಟ್ಟಿಲಲ್ಲಿರೋ ಮಗೂನಾ, ಎದ್ದಿದೆಯಾ ಅಂತ ನೋಡೋಕೆ?"

"ತಣ್ಣಗಾಯ್ತಾ ಅಂತ..."

"ನೀವು ತೆಗೆದರೆ ಎಲ್ಲಿಂದ ತಣ್ಣಗಾಗುತ್ತೆ? ಮದುವೆಯಾದಾಗಿನಿಂದ ನನಗೆ ಸಿಗದ ಅರ್ಧ ಗಂಟೆ ರೆಸ್ಟು ಆ ಹಿಟ್ಟಿಗೆ ಆರು ಸಲ ಸಿಗ್ತಿದೆ. ಅದಕ್ಕೂ ಕಲ್ಲು ಹಾಕಬೇಡಿ."

ಓವನ್ನಿನ ಮುಂದೆ ಇನ್ನೂ ಅನ್ಯಾಯ. ಪಫ್ ಒಳಗಿಟ್ಟು ಬಾಗಿಲು ಮುಚ್ಚಿದ್ದೇ ತಡ, ಚಡಪಡಿಕೆ ಶುರು. ಒಂದು ನಿಮಿಷ ತಡೆದರು, ಎರಡು ತಡೆದರು, ಮೂರನೆಯದಕ್ಕೆ ಕೈ ತಾನಾಗಿ ಹಿಡಿಕೆಗೆ ಹೋಯಿತು. ಬಿಸಿಯೆಲ್ಲ ಭುಸ್ಸೆಂದು ಹೊರಗೆ. ಆಗಷ್ಟೇ ತಲೆಯೆತ್ತುತ್ತಿದ್ದ ಪದರಗಳು ಅಲ್ಲೇ ಕುಸಿದವು. ಮೊದಲನೇ ದಿನದ ಪಫ್ಪುಗಳು ಒದ್ದೆ ರಟ್ಟಿನ ಹಾಗಿದ್ದವು. ಎರಡನೇ ದಿನವೂ ಅಷ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾನು ಮುಖದ ಮೇಲೆ ಹೇಳಿದೆ. ಇವರು ಕುಸಿದದ್ದನ್ನೆಲ್ಲ ಒಬ್ಬರೇ ಕೂತು ತಿಂದರು. ಹೊಟ್ಟೆ ಕೆಟ್ಟಿತು, ಹಠ ಮಾತ್ರ ಕೆಡಲಿಲ್ಲ.

ಆ ಹಠ ಯಾಕೆ ಎಂಬುದು ನನಗೆ ಮೂರನೇ ವಾರ ತಿಳಿಯಿತು. ಆ ಕಟ್ಟಡದ ಕ್ಯಾಂಟೀನ್ ಮ್ಯಾನೇಜರ್ ಇವರಿಗೆ ಪೇಟೆಯಲ್ಲಿ ಸಿಕ್ಕಿದ್ದನಂತೆ. ಮುದುಕ ಹೋದ ಮೇಲೆ ಬರುತ್ತಿರುವ ಪಫ್ ಯಾರೂ ಮುಟ್ಟುತ್ತಿಲ್ಲ, ಒಳ್ಳೆಯದು ಯಾರಾದರೂ ಮಾಡಿಕೊಟ್ಟರೆ ಬೇಕು ಎಂದಿದ್ದ. ಇವರು ಅಲ್ಲೇ, "ನಾನು ಮಾಡ್ತೀನಿ, ಸೋಮವಾರ ಎರಡು ಡಜನ್ ತಂದು ತೋರಿಸ್ತೀನಿ" ಎಂದು ಒಪ್ಪಿಕೊಂಡು ಬಂದುಬಿಟ್ಟಿದ್ದರು. ಮಾಡಿದ್ದೆಲ್ಲ ರಟ್ಟಾಗುತ್ತಿರುವಾಗ! ನಾನು ಹಣೆ ಚಚ್ಚಿಕೊಂಡೆ.

"ಅಲ್ಲ ಕಣೇ," ಎಂದರು, ಕಣ್ಣು ಮಿನುಗುತ್ತಿತ್ತು. "ಅವರಿಗೆ ಹಿಡಿಸಿತು ಅಂತಿಟ್ಕೋ. ದಿನಾ ಬೆಳಿಗ್ಗೆ ನಾನು ತಗೊಂಡು ಹೋಗಬೇಕಾಗುತ್ತೆ. ದಿನಾ ಹೋಗೋನಿಗೆ ಪಾಸ್ ಕೊಡಲೇಬೇಕು. ಫೋಟೋ ಇರೋ ಪಾಸ್. ಆಗ ಯಾರೂ ಕೇಳೋ ಹಾಗಿಲ್ಲ."

ಸಂಪಾದನೆಯ ಮಾತು ಒಂದೂ ಬರಲಿಲ್ಲ. ಪಾಸ್, ಪಾಸ್ ಎಂದು ಮೂರು ಸಲ ಅಂದರು. ನಾನು ಎದ್ದು ಹೋಗಿ ಇನ್ನೊಂದಿಷ್ಟು ಆಲೂಗಡ್ಡೆ ಬೇಯಲು ಇಟ್ಟೆ.

ಸೋಮವಾರ ಬೆಳಿಗ್ಗೆ ಐದಕ್ಕೇ ಎದ್ದೆವು. ಹಿಂದಿನ ದಿನವೇ ಮಡಚಿಟ್ಟ ಹಿಟ್ಟು, ನನ್ನ ಕಾವಲಿನಲ್ಲಿ, ಚೆನ್ನಾಗಿ ಗಟ್ಟಿಯಾಗಿತ್ತು. ಚೌಕ ಕತ್ತರಿಸಿ, ಮಸಾಲೆ ಇಟ್ಟು, ಅಂಚಿಗೆ ನೀರು ಸವರಿ ಮಡಚಿದೆವು. ಮೊದಲ ಹನ್ನೆರಡು ಓವನ್ನಿಗೆ ಹೋದವು. ನಾನು ಹಿಡಿಕೆಗೆ ಟವಲು ಬಿಗಿದು ಕಟ್ಟಿ, ಮುಂದೆ ಸ್ಟೂಲು ಹಾಕಿಕೊಂಡು ಕೂತೆ. "ಇಪ್ಪತ್ತೈದು ನಿಮಿಷ. ಮುಟ್ಟಿದರೆ ಕೈ ಮುರೀತೀನಿ" ಎಂದೆ.

ಇವರು ಅಡುಗೆಮನೆಯಿಂದ ಹೊರಗೆ, ಹೊರಗಿನಿಂದ ಒಳಗೆ. ಕಿಟಕಿ ತೆಗೆದರು, ಹಾಕಿದರು. ಚಪ್ಪಲಿ ಮೆಟ್ಟಿದರು, ಬಿಟ್ಟರು. ಆಮೇಲೆ ಏನಾಯಿತೋ, ಬಂದು ನನ್ನ ಪಕ್ಕ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ಬಲಗೈ ಮೊಣಕಾಲ ಮೇಲಿತ್ತು. ನೋಡುತ್ತೇನೆ, ಆ ಕೈ ಮೆಲ್ಲಗೆ ಏನನ್ನೋ ತಿರುಗಿಸುತ್ತಿದೆ. ತುಟಿ ಅಲ್ಲಾಡುತ್ತಿದೆ: "ಒಂದು... ಎರಡು... ಮೂರು, ರೆಕಾರ್ಡ್ ರೂಮು... ನಾಲ್ಕು, ಕ್ಯಾಂಟೀನು..." ಲಿಫ್ಟ್ ನಡೆಸುತ್ತಿದ್ದರು. ಒಂಬತ್ತರವರೆಗೆ ಹತ್ತಿದರು, ಒಂದು ಕ್ಷಣ ನಿಂತರು, ಇಳಿದರು.

"ಏನ್ರೀ ಇದು?"

"ಶ್! ಹೋಗೋಕೆ ಒಂದು ನಿಮಿಷ, ಬರೋಕೆ ಒಂದು ನಿಮಿಷ. ಹನ್ನೆರಡು ಸಲ ಹೋಗಿ ಬಂದರೆ ಪಫ್ ಆಗುತ್ತೆ. ಮಧ್ಯದಲ್ಲಿ ಮಾತಾಡಿಸಬೇಡ, ಜನ ಇದಾರೆ."

ನಗು ಬಂತು, ಆಮೇಲೆ ನಿಂತೂ ಹೋಯಿತು. ಮದುವೆಯಾದಾಗಿನಿಂದ ಇವರ ಕೆಲಸವನ್ನು ನಾನು ನೋಡಿಯೇ ಇರಲಿಲ್ಲ. ಏನಿದೆ ಅದರಲ್ಲಿ, ಸ್ಟೂಲಿನ ಮೇಲೆ ಕೂತು ಮೇಲೆ ಕೆಳಗೆ ಹೋಗುವುದು ಎಂದು ನಾನೇ ಎಷ್ಟು ಸಲ ಹಂಗಿಸಿದ್ದೆ. ಒಂಬತ್ತನೇ ಸಲ ಹತ್ತುವಾಗ ಅಡುಗೆಮನೆ ತುಂಬ ಬೆಣ್ಣೆಯ ಘಮ ಹರಡಿತು, ನನಗೇ ತಡೆಯಲಾಗಲಿಲ್ಲ. ಹೊತ್ತಿತೋ ಏನೋ ಎಂದು ಟವಲಿಗೆ ಕೈ ಹಾಕಿದೆ. ಕಣ್ಣು ಮುಚ್ಚಿಕೊಂಡೇ ಇವರು ನನ್ನ ಕೈ ಹಿಡಿದರು. "ಇನ್ನೂ ಮೂರು ಟ್ರಿಪ್ಪಿದೆ. ಸುಮ್ನಿರು."

ತೆಗೆದಾಗ ಹನ್ನೆರಡೂ ಎದ್ದು ನಿಂತಿದ್ದವು. ಹೊಂಬಣ್ಣ, ಪಕ್ಕದಿಂದ ನೋಡಿದರೆ ಪದರ ಎಣಿಸಬಹುದು. ಒಂದನ್ನು ಮುರಿದೆವು, ಸದ್ದಾಯಿತು. ಇವರು ಎರಡನೇ ಟ್ರೇ ಒಳಗಿಟ್ಟು ಮತ್ತೆ ಲಿಫ್ಟಿಗೆ ಹೋಗಿ ಕೂತರು.

ಹತ್ತಕ್ಕೆ ಕಟ್ಟಡದ ಬಾಗಿಲಲ್ಲಿದ್ದೆವು. ನನ್ನನ್ನೂ ಎಳೆದುಕೊಂಡು ಬಂದಿದ್ದರು, ಧೈರ್ಯಕ್ಕೆ. ಅದೇ ಕಾವಲುಗಾರ. "ಯಾರನ್ನ ನೋಡಬೇಕು?" ಎಂದ. "ಕ್ಯಾಂಟೀನ್ ಮ್ಯಾನೇಜರನ್ನ" ಎಂದು ಇವರು ಜೋರಾಗಿ, ಅಗತ್ಯಕ್ಕಿಂತ ಜೋರಾಗಿ ಹೇಳಿದರು. ಅವನು ಫೋನ್ ಮಾಡಿ ಒಂದು ದಿನದ ಚೀಟಿ ಬರೆದುಕೊಟ್ಟ.

ಹಳೇ ಲಿಫ್ಟು ಇರಲಿಲ್ಲ. ಹೊಸದು ತಾನೇ ತೆರೆದುಕೊಂಡಿತು, ತಾನೇ ಮುಚ್ಚಿಕೊಂಡಿತು, ಒಳಗಿಂದ ಯಾವಳೋ ಮಹಡಿಯ ನಂಬರು ಹೇಳಿದಳು. ಇವರು ಬಟ್ಟೆ ಮುಚ್ಚಿದ ಟ್ರೇ ಹಿಡಿದು ಗುಂಡಿಗಳ ಪಕ್ಕದಲ್ಲೇ ನಿಂತರು. ಕೂರಲು ಸ್ಟೂಲಿಲ್ಲ. ಫೈಲು ಹಿಡಿದ ಹುಡುಗಿಯೊಬ್ಬಳು ಓಡಿಬಂದು ಒಳಗೆ ಸೇರಿಕೊಂಡಳು. "ಎಷ್ಟನೇ ಮಹಡಿ ಮೇಡಂ?" ಎಂದರು ಇವರು. ಅವಳು ಫೋನಿನಿಂದ ಕಣ್ಣೆತ್ತದೆ "ಆರು" ಎಂದಳು. ಟ್ರೇಯನ್ನು ಒಂದು ಕೈಗೆ ಬದಲಿಸಿ ಇವರು ಆರನ್ನು ಒತ್ತಿದರು. ಎಂಟು ತಿಂಗಳಲ್ಲಿ ಮೊದಲ ಸಲ ಇವರ ಭುಜ ನೆಟ್ಟಗಿತ್ತು.

ಕ್ಯಾಂಟೀನಿನಲ್ಲಿ ಕೂತೆವು. ಮ್ಯಾನೇಜರ್ ಬೇರೆ ಯಾರೊಂದಿಗೋ ಮಾತಾಡುತ್ತಿದ್ದ. ಐದು ನಿಮಿಷ ಕೂರಲು ಇವರಿಂದ ಆಗಲಿಲ್ಲ. "ನೀನು ಇಲ್ಲೇ ಇರು, ಒಂದೇ ನಿಮಿಷ ನೋಡಿ ಬರ್ತೀನಿ" ಎಂದು ಎದ್ದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಮ್ಯಾನೇಜರ್ ಬಂದ. ಒಂದು ಪಫ್ ತಿಂದ. ಇನ್ನೊಂದು ತಿಂದ. ಮೂರನೆಯದನ್ನು ಒಳಗಿದ್ದ ಅಡುಗೆಯವನಿಗೆ ಕಳಿಸಿದ. "ಅಮ್ಮಾ, ದಿನಾ ಅರವತ್ತು ಬೇಕು. ನಾಳೆಯಿಂದಲೇ ಆಗುತ್ತಾ?" ನನಗೆ ಹಿಗ್ಗು ತಡೆಯಲಾಗಲಿಲ್ಲ. ಅರವತ್ತು ಎಂದರೆ ಐದು ಸಲ ಓವನ್ನು ತುಂಬಬೇಕು, ಆದರೂ ಆಗುತ್ತೆ ಎಂದೆ.

"ಒಳ್ಳೇದು. ಅಣ್ಣನಿಗೆ ಈ ವಯಸ್ಸಲ್ಲಿ ಓಡಾಟ ಬೇಡ. ನಮ್ಮ ಗಾಡಿ ಬೆಳಿಗ್ಗೆ ನಿಮ್ಮ ಬೀದಿ ಮೇಲೇ ಬರುತ್ತೆ. ಡ್ರೈವರ್ ಬಾಗಿಲಿಗೇ ಬಂದು ತಗೋತಾನೆ. ನೀವು ಆರಾಮಾಗಿ ಮನೇಲಿರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪುಣ್ಯಾತ್ಮ. ಬಾಗಿಲ ಕಡೆ ನೋಡಿದೆ, ಇವರು ಇನ್ನೂ ಬಂದಿರಲಿಲ್ಲ. ಇವರೇ ಇದ್ದಿದ್ದರೆ "ಆಯ್ತು ಸಾರ್" ಎಂದುಬಿಡುತ್ತಿದ್ದರು. ಯಾರಿಗೂ ಇಲ್ಲ ಎಂದು ಗೊತ್ತಿಲ್ಲದ ಮನುಷ್ಯ.

"ಗಾಡಿ ಬೇಡ" ಎಂದೆ.

"ಯಾಕಮ್ಮ?"

"ಕುಲುಕಿದರೆ ಪದರ ಉದುರುತ್ತೆ."

"ಬಸ್ಸಲ್ಲಿ ಕುಲುಕಲ್ವಾ?"

"ಬಸ್ಸಲ್ಲಿ ಇವರ ತೊಡೆ ಮೇಲಿರುತ್ತೆ. ನೋಡಿ ಸ್ವಾಮಿ, ಮಾಡಿದವರ ಕೈಯಿಂದಲೇ ಬಂದರೆ ನಮ್ಮ ಪಫ್ ಬರುತ್ತೆ, ಇಲ್ಲದಿದ್ದರೆ ಇಲ್ಲ. ಅವರಿಗೊಂದು ಪಾಸ್ ಮಾಡಿಸಿಕೊಡಿ. ಫೋಟೋ ಇರೋದು. ಈ ಚೀಟಿಗೀಟಿ ಎಲ್ಲ ಬೇಡ."

ಅವನು ನನ್ನ ಮುಖವನ್ನೇ ನೋಡಿದ. ನಾನೂ ಕಣ್ಣು ತಪ್ಪಿಸಲಿಲ್ಲ. "ಆಯ್ತಮ್ಮ, ಮಾಡಿಸ್ತೀನಿ" ಎಂದ.

ಹೊರಗೆ ಬಂದರೆ ಇವರು ಲಿಫ್ಟಿನ ಮುಂದೆ ನಿಂತಿದ್ದರು. ಮುಚ್ಚಲು ಹೊರಟ ಬಾಗಿಲಿಗೆ ಕೈ ಅಡ್ಡ ಹಿಡಿದು, ಯಾರೋ ವಯಸ್ಸಾದವರು ನಿಧಾನವಾಗಿ ಒಳಗೆ ಹೋಗಲು ಕಾಯುತ್ತಿದ್ದರು. ನನ್ನನ್ನು ಕಂಡು ಕೈ ತೆಗೆದು ಓಡಿಬಂದರು. ಹೆದರಿದ ಮುಖ.

"ಏನಂದ್ರು?"

"ಸಿಕ್ತು. ದಿನಾ ಅರವತ್ತು. ಆದರೆ ಒಂದು ಕಿರಿಕಿರಿ ಕಣ್ರೀ. ದಿನಾ ನೀವೇ ತಂದುಕೊಡಬೇಕಂತೆ. ಬೇರೆಯವರ ಕೈಲಿ ಕಳಿಸಿದರೆ ಬೇಡ್ವೇ ಬೇಡ್ವಂತೆ. ಪಾಸ್ ಅವರೇ ಮಾಡಿಸ್ತಾರಂತೆ."

ಇವರು ಮುಖ ಗಂಟಿಕ್ಕಿದರು. ಗಂಟಿಕ್ಕಲು ಬಹಳ ಕಷ್ಟಪಟ್ಟರು. "ದಿನಾನಾ? ಚಳಿ, ಬಿಸಿಲು, ಏನೂ ಅನ್ನದೆ? ಈ ಮಂಡಿ ನೋವಲ್ಲಿ? ಅವರಿಗೇನು, ಹೇಳಿಬಿಡ್ತಾರೆ."

"ಆಗಲ್ಲ ಅಂತ ಹೇಳಿ ಬರ್ಲಾ ಹಾಗಾದ್ರೆ?" ಎಂದು ನಾನು ತಿರುಗಿದೆ.

ರಟ್ಟೆ ಹಿಡಿದು ನಿಲ್ಲಿಸಿದರು, ನೋಯುವಷ್ಟು ಬಿಗಿಯಾಗಿ.

"ಹೋಗ್ಲಿ ಬಿಡೇ," ಎಂದರು. "ಪಾಪ, ಅವರಿಗೂ ಬೇರೆ ಯಾರಿದಾರೆ."