ಸರಾಸರಿಗೊಂದು ಪುಟ, ಮಧ್ಯಾಂಕಕ್ಕೊಂದು ಪುಟ

ನೀನು ಜೀವನದಲ್ಲಿ ಅತಿ ಹೆಚ್ಚು ಜಗಳವಾಡಿದ್ದು ಯಾರ ಜೊತೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಸುತ್ತ ಇದ್ದವರೆಲ್ಲ ನನ್ನ ಗಂಡನ ಮುಖ ನೋಡುತ್ತಾರೆ. ಪಾಪ, ಅವರಿಗೆ ಆ ಭಾಗ್ಯವಿಲ್ಲ. ನಾನು ಜಗಳವಾಡಿದ್ದು ತಿರುವನಂತಪುರದ ಒಬ್ಬ ನಿವೃತ್ತ ಅಧಿಕಾರಿಯ ಜೊತೆ. ಅದೂ ಮುಖ ನೋಡದೆ, ಕನ್ನಡದಲ್ಲಿ, ಸಂಖ್ಯಾಶಾಸ್ತ್ರದ ಬಗ್ಗೆ.

ನಾನು ಮೈಸೂರಿನವಳು. ಕೇಂದ್ರ ಸರ್ಕಾರದ ಕೆಲಸ ನನ್ನನ್ನು ಕೊಚ್ಚಿಗೆ ತಂದು ಹಾಕಿತು. ಮನೆ ತ್ರಿಪ್ಪುಣಿತ್ತುರದಲ್ಲಿ, ಕಚೇರಿ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಮೊದಲು ಮೆಟ್ರೋ, ಆಮೇಲೆ ಬೋಟು. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷು, ತರಕಾರಿಯವನ ಜೊತೆ ಮಲಯಾಳಂ. ಮನೆಯಲ್ಲಿ ಮಗಳನ್ನು ನಾನು ಕನ್ನಡದಲ್ಲಿ ಬೈದರೆ ಅವಳು ಮಲಯಾಳದಲ್ಲಿ ತಿರುಗಿ ಮಾತಾಡುತ್ತಾಳೆ. ಅರ್ಥವಾಗುತ್ತದೆ ಅವಳಿಗೆ, ಎಲ್ಲ ಅರ್ಥವಾಗುತ್ತದೆ, ಬೇಕಂತಲೇ ಹಾಗೆ. ಹೀಗೆ ನನ್ನ ನಾಲಿಗೆ ತುಕ್ಕು ಹಿಡಿಯುತ್ತಿದ್ದಾಗ ಗೆಳತಿಯೊಬ್ಬಳು ಒಂದು ದಾರಿ ತೋರಿಸಿದಳು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವಿದೆ, ಕನ್ನಡದಲ್ಲೂ ಇದೆ, ಸಂಬಳ ಸಿಗುವುದಿಲ್ಲ, ಬೈಗುಳ ಧಾರಾಳವಾಗಿ ಸಿಗುತ್ತದೆ ಎಂದಳು. ಬೈಗುಳವಾದರೂ ಕನ್ನಡದ್ದಲ್ಲವೇ ಎಂದು ಸೇರಿಕೊಂಡೆ.

ಆ ವಿಶ್ವಕೋಶದಲ್ಲಿ ಪ್ರತಿಯೊಂದು ಲೇಖನದ ಬೆನ್ನಿಗೂ ಒಂದು ಚರ್ಚಾಪುಟ ಇರುತ್ತದೆ. ಲೇಖನ ಮನೆಯ ಮುಂಬಾಗಿಲಾದರೆ ಅದು ಹಿತ್ತಿಲು. ಪಾತ್ರೆ ತಿಕ್ಕುವುದು, ಬೈದಾಡುವುದು ಎಲ್ಲ ಅಲ್ಲೇ. ಯಾವುದೇ ದೊಡ್ಡ ಬದಲಾವಣೆ ಮಾಡಬೇಕೆಂದರೆ ಅಲ್ಲಿ ಪ್ರಸ್ತಾಪ ಇಡಬೇಕು, ಉಳಿದ ಸ್ವಯಂಸೇವಕರು 'ಸಹಮತ' ಅಥವಾ 'ವಿರೋಧ' ಎಂದು ಬರೆದು ಕಾರಣ ಕೊಡಬೇಕು. ಒಮ್ಮತ ಬಂದರೆ ಕೆಲಸ ಮುಂದಕ್ಕೆ, ಬರದಿದ್ದರೆ ಇದ್ದದ್ದು ಇದ್ದ ಹಾಗೆ.

ಒಂದು ದಿನ ಬೋಟಿನಲ್ಲಿ ಕೂತು ಸಂಖ್ಯಾಶಾಸ್ತ್ರದ ಲೇಖನ ತೆರೆದೆ. ಅಯ್ಯೋ ದೇವರೇ! ಸರಾಸರಿಗೊಂದು ಪುಟ, ಮಧ್ಯಾಂಕಕ್ಕೊಂದು ಪುಟ, ಬಹುಲಕಕ್ಕೊಂದು, ವಿಚಲನೆಗೊಂದು, ವ್ಯಾಪ್ತಿಗೊಂದು. ಒಂದೊಂದರಲ್ಲೂ ನಾಲ್ಕೈದು ಸಾಲು, ಅದರಲ್ಲಿ ಎರಡು ಸಾಲು ಬರೆದವರ ಮನೆಯ ಸಮಾಚಾರ. ಬಹುಲಕವೆಂದರೆ ಅತಿ ಹೆಚ್ಚು ಸಲ ಬರುವ ಬೆಲೆ ಎಂದು ಹೇಳಿ, "ಉದಾಹರಣೆಗೆ, ನಮ್ಮ ಮನೆಯಲ್ಲಿ ವಾರವಿಡೀ ಅವಿಯಲ್" ಎಂದು ಬರೆದಿತ್ತು. ವಿಚಲನೆಯ ಪುಟದಲ್ಲಿ, "ಒಂದೇ ಹಿಟ್ಟಿನಿಂದ ಮನೆಯಾಕೆ ಮಾಡಿದ ರೊಟ್ಟಿಗಳಲ್ಲಿ ಒಂದೂ ಇನ್ನೊಂದರ ಅಳತೆಗೆ ಬರದಿರುವುದನ್ನು ಗಮನಿಸಬಹುದು" ಎಂದಿತ್ತು. ಇದು ವಿಶ್ವಕೋಶವೋ, ಊಟದ ಮನೆಯೋ? ನನಗೆ ಮೈ ಉರಿದುಹೋಯಿತು. ಇವನ್ನೆಲ್ಲ ಸೇರಿಸಿ ಒಂದೇ ಒಳ್ಳೆಯ ಲೇಖನ ಮಾಡಿ ಉಳಿದ ಪುಟಗಳನ್ನು ತೆಗೆದುಹಾಕೋಣ ಎಂದು ಆವತ್ತೇ ವಿಲೀನದ ಪ್ರಸ್ತಾಪ ಇಟ್ಟೆ.

ಪುಟಗಳನ್ನೆಲ್ಲ ಬರೆದದ್ದು ಒಬ್ಬರೇ. ಧಾರವಾಡದ ಕಡೆಯವರು, ಸರ್ಕಾರದ ಅಂಕಿಅಂಶಗಳ ಕಚೇರಿಯಲ್ಲಿ ದುಡಿದು ತಿರುವನಂತಪುರದಲ್ಲೇ ನಿವೃತ್ತರಾದವರು. ನಿವೃತ್ತಿಯ ನಂತರದ ಅವರ ದುಡಿಮೆ ಎಂದರೆ ಇಷ್ಟೇ, ಈ ಪುಟಗಳು. ಅವು ಹೋದರೆ ಅವರ ಹೆಸರಿನಲ್ಲಿ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೊದಲಿಗೆ ಗ್ರಾಂಥಿಕ ಕನ್ನಡದಲ್ಲಿ 'ವಿರೋಧ' ಎಂದು ಬರೆದರು. ನಾನು ಬಿಡಲಿಲ್ಲ. ಸಿಟ್ಟು ಏರಿದಂತೆ ಅವರ ಗ್ರಾಂಥಿಕ ಇಳಿಯಿತು.

"ಏನ್ರಿ ತಂಗಿ, ಮಧ್ಯಾಂಕಕ್ಕ ಒಂದು ಸ್ವಂತ ಮನಿ ಬ್ಯಾಡೇನು? ಇನ್ನ ಮ್ಯಾಲ ಅದು ಸರಾಸರಿ ಮನ್ಯಾಗ ಬಾಡಿಗಿ ಇರಬೇಕೇನು?"

"ನಾಲ್ಕು ಸಾಲಿಗೆ ಯಾರಾದ್ರೂ ಸ್ವಂತ ಮನೆ ಕಟ್ತಾರಾ ಸರ್? ಅದು ಮನೆಯಲ್ಲ, ಗೂಡಂಗಡಿ" ಎಂದು ನಾನು ಬರೆದೆ.

ಈ ನಡುವೆ ಮೂರನೆಯವನೊಬ್ಬ ಬಂದು ಸೇರಿಕೊಂಡ. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮಂಗಳೂರಿನ ಹುಡುಗ. ಅವನಿಗೆ ಪುಟ ಒಂದಿರಲಿ, ಹತ್ತಿರಲಿ, ಚಿಂತೆಯಿಲ್ಲ. ಬರೆದದ್ದಕ್ಕೆ ಮೂಲ ಬೇಕು. ಕಂಡಕಂಡಲ್ಲಿ 'ಉಲ್ಲೇಖ ಬೇಕು' ಎಂಬ ಚೀಟಿ ಅಂಟಿಸುವುದೇ ಅವನ ಕಸುಬು. ರೊಟ್ಟಿಗೂ ಅಂಟಿಸಿದ, ಅವಿಯಲ್‌ಗೂ ಅಂಟಿಸಿದ. "ನಾ ದಿನಾ ತಿಂತೀನಿ, ನಾನ ಉಲ್ಲೇಖ" ಎಂದು ಹಿರಿಯರು ಬರೆದರೆ, "ಸ್ವಂತ ಅನುಭವ ಇಲ್ಲಿ ಆಗುವುದಿಲ್ಲ ಸರ್, ಬೇರೆಯವರು ಎಲ್ಲಿಯಾದ್ರೂ ಪ್ರಕಟ ಮಾಡಿದ್ದು ಉಂಟಾ?" ಎಂದು ಇವನು.

ತಿಂಗಳುಗಟ್ಟಲೆ ನಡೆಯಿತು ಇದು. ಬೆಳಿಗ್ಗೆ ಬೋಟು ಹತ್ತುವುದೇ ತಡ, ಹಿರಿಯರು ಏನು ಬರೆದಿದ್ದಾರೆ ಎಂದು ನೋಡುವುದು ನನ್ನ ಅಭ್ಯಾಸವಾಯಿತು. ಬರೆಯದಿದ್ದ ದಿನ ಏನೋ ಕಳೆದುಕೊಂಡ ಹಾಗೆ. "ನನ್ನ ಜೊತೆ ಜಗಳ ಆಡೋಕೂ ಪುರುಸೊತ್ತಿಲ್ಲ ನಿಂಗೆ" ಎಂದು ಗಂಡ ಬೇಜಾರು ಮಾಡಿಕೊಂಡರು. ಕೊನೆಗೆ ಆ ಹುಡುಗನೇ ಸೋತು, ನನ್ನ ನಂಬರು ಕೇಳಿ ಪಡೆದು ಫೋನ್ ಮಾಡಿದ.

"ಎಂತ ಅಕ್ಕ ಇದು! ನಿಮ್ಮಿಬ್ಬರ ಜಗಳ ಓದಿ ಓದಿ ನಂಗೆ ಸಾಕಾಯ್ತು ಮಾರಾಯ್ರೆ. ಮೂರು ಜನವೂ ಕೇರಳದಲ್ಲೇ ಇದ್ದೇವೆ. ಒಮ್ಮೆ ಅವರ ಮನೆಗೇ ಹೋಗಿ ಕೂತು ಮುಗಿಸುವ."

ಹಿರಿಯರು ಕೂಡಲೇ ಒಪ್ಪಿದರು. ಒಂದು ಭಾನುವಾರ ನಾವಿಬ್ಬರೂ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನು ವಾದ ಹೊಂದಿಸಿಕೊಂಡೆ. ಪರೀಕ್ಷೆಗೆ ಹೋಗುವಾಗಲೂ ಅಷ್ಟು ತಯಾರಿ ಮಾಡಿದವಳಲ್ಲ. ಅವರ ಮನೆ ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ. ಹೋಗಿ ನೋಡಿದರೆ, ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಎತ್ತರದ, ಮೀಸೆಯ ರಾಕ್ಷಸನ ಬದಲು ನನ್ನ ಭುಜದವರೆಗೆ ಬರುವ, ಇಸ್ತ್ರಿ ಅಂಗಿಯ ಸಣ್ಣ ಮನುಷ್ಯರೊಬ್ಬರು ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಬರ್ರಿ ತಂಗಿ, ಬಾರಪಾ ತಮ್ಮಾ. ಮೊದಲ ಊಟ, ಆಮ್ಯಾಲ ಯುದ್ಧ" ಎಂದರು.

ಅವರ ಹೆಂಡತಿ ಮಲಯಾಳಿ. "ಇರಿಕ್ಕೂ, ಇರಿಕ್ಕೂ" ಎಂದು ಕೂರಿಸಿದರು. ಮಕ್ಕಳು ಅದೇ ಊರಿನಲ್ಲಿದ್ದಾರಂತೆ, ಅವರದೂ ಮಲಯಾಳವೇ. ಕನ್ನಡದವರು ಬರುತ್ತಾರೆಂದು ಆ ಚೇಚಿ, ಅಂದರೆ ಅಕ್ಕ, ಪೇಟೆಯಿಂದ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದಿದ್ದರು. ಒಂದು ತಟ್ಟೆಯಷ್ಟು, ಒಂದು ಸಾಸರಿನಷ್ಟು, ಒಂದಕ್ಕೆ ಆಕಾರವೇ ಇಲ್ಲ. ಹುಡುಗ ರೊಟ್ಟಿಗಳನ್ನೇ ನೋಡಿದ, ಆಮೇಲೆ ನನ್ನ ಕಡೆ ಬಗ್ಗಿ, "ಅಕ್ಕ, ವಿಚಲನೆಗೆ ಉಲ್ಲೇಖ ಸಿಕ್ಕಿತು" ಎಂದ. ನನಗೆ ನಗು ತಡೆಯಲಾಗದೆ ನೀರು ನೆತ್ತಿಗೆ ಹತ್ತಿತು. ಹಿರಿಯರು ನನ್ನ ತಲೆ ತಟ್ಟುತ್ತಾ, "ಗೂಡಂಗಡಿ ಅಂದೋರಿಗೆ ಹಿಂಗ ಆಗಬೇಕು" ಎಂದರು.

ಊಟದ ತುಂಬ ಮಾತೇ ಮಾತು. ಧಾರವಾಡದಾಗ ಹಂಗ, ಮೈಸೂರಲ್ಲಿ ಹೀಗೆ, ನಮ್ಮಲ್ಲಿ ಹಾಗೆ ಇಲ್ಲ ಮಾರಾಯ್ರೆ. ಚೇಚಿಗೆ ಒಂದು ಮಾತೂ ಅರ್ಥವಾಗದಿದ್ದರೂ ಗಂಡನ ಮುಖ ನೋಡಿ ನೋಡಿ ತಾವೂ ನಗುತ್ತಿದ್ದರು. ಪಾಯಸ ಬರುವ ಹೊತ್ತಿಗೆ ನಾನು ಸೆರಗು ಸರಿಮಾಡಿಕೊಂಡು, "ಸರ್, ಈಗ ವಿಷಯಕ್ಕೆ ಬರೋಣ" ಎಂದೆ. ಹಿರಿಯರು ಪಾಯಸದ ಬಟ್ಟಲು ಕೆಳಗಿಟ್ಟರು.

"ಆತ್ ಬಿಡ್ರಿ. ಮಾಡ್ರಿ ವಿಲೀನ. ನಾನೂ ಸಹಮತ ಹಾಕ್ತೀನಿ."

ನಾನು ಬೆಪ್ಪಾದೆ. ರೈಲಿನಲ್ಲಿ ಹೊಂದಿಸಿಕೊಂಡ ವಾದವೆಲ್ಲ ಬಾಯಲ್ಲೇ ಉಳಿಯಿತು. ಮನಸ್ಸು ಬದಲಾಗುವ ಮೊದಲೇ ಮುಗಿಸಿಬಿಡೋಣ ಎಂದು ಮೂವರೂ ಅವರ ಮನೆಯ ವೈಫೈಗೆ ಸೇರಿಕೊಂಡು, ಒಬ್ಬರ ಹಿಂದೊಬ್ಬರು 'ಸಹಮತ', 'ಸಹಮತ', 'ಸಹಮತ' ಎಂದು ಬರೆದೆವು. ಹಿಂದಿರುಗುವಾಗ ರೈಲಿನಲ್ಲಿ ನಾನು ಗೆದ್ದ ಉತ್ಸಾಹದಲ್ಲಿ ಹುಡುಗನಿಗೆ ಕಟ್ಲೆಟ್ ಕೊಡಿಸಿದೆ.

ಮರುದಿನ ಬೋಟಿನಲ್ಲಿ ಫೋನ್ ತೆರೆದರೆ ನನ್ನ ಖಾತೆಗೆ ಬೀಗ ಬಿದ್ದಿತ್ತು. ಹುಡುಗನದಕ್ಕೂ ಬಿದ್ದಿತ್ತು, ಹಿರಿಯರದಕ್ಕೂ ಬಿದ್ದಿತ್ತು. ಅಲ್ಲಿ ನಿರ್ವಾಹಕರು ಎಂದು ಇರುತ್ತಾರೆ, ನಿಯಮ ಕಾಯುವ ಸ್ವಯಂಸೇವಕರು. ಎಲ್ಲಿಯವರೋ, ಯಾರೋ ಗೊತ್ತಿಲ್ಲ. ಅವರಲ್ಲೊಬ್ಬರು ಹೀಗೆ ಬರೆದಿದ್ದರು: "ಮೂರೂ ಖಾತೆಗಳಿಂದ ಒಂದೇ ಸಂಪರ್ಕದ ಮೂಲಕ, ಒಂದರ ಹಿಂದೊಂದು ಸಹಮತ ಬಂದಿದೆ. ಇಷ್ಟು ಕಾಲ ಹೀಗೆ ಕಚ್ಚಾಡಿದವರು ದಿಢೀರನೆ ಒಪ್ಪುವುದು ಸಹಜವಲ್ಲ. ಮೂವರೂ ಒಬ್ಬರೇ ವ್ಯಕ್ತಿ ಎಂಬ ಬಲವಾದ ಸಂಶಯವಿದೆ. ಹಿಂದಿನ ಜಗಳವೂ ನಾಟಕವಿರಬಹುದು."

ನಾಟಕವಂತೆ! ಜಗಳವಾಡಿ ಜಗಳವಾಡಿ ನನ್ನ ರಕ್ತದೊತ್ತಡ ಏರಿದ್ದು ನಾಟಕವಂತೆ! ಎಲ್ಲಕ್ಕಿಂತ ಉರಿದದ್ದೆಂದರೆ, ಆ ಅವಿಯಲ್ ಪುಟ ನಾನೇ ಬರೆದದ್ದು ಎಂದಾಯಿತಲ್ಲ. ಹುಡುಗ ಫೋನ್ ಮಾಡಿ, "ಅಕ್ಕ, ನಾನು ನೀವಂತೆ!" ಎಂದು ಗೋಳಾಡಿದ. ನಾನಾಗಿರುವುದು ಅಷ್ಟೇನು ಅವಮಾನವೋ ನಿನಗೆ ಎಂದು ಅವನಿಗೂ ಸರಿಯಾಗಿ ಬಿಟ್ಟೆ.

ನಿರ್ವಾಹಕರು ಒಂದು ದಾರಿ ಇಟ್ಟಿದ್ದರು. ಬೀಗ ಬಿದ್ದರೂ ನಮ್ಮ ನಮ್ಮ ಸ್ವಂತ ಪುಟದಲ್ಲಿ ಬರೆಯಬಹುದಿತ್ತು. ಒಬ್ಬರನ್ನೊಬ್ಬರು ಕೇಳದೆ, ವಿಲೀನಕ್ಕೆ ನೀವು ಒಪ್ಪಿದ್ದೇಕೆ ಎಂದು ನಿಮ್ಮ ನಿಮ್ಮ ಮಾತಿನಲ್ಲಿ ವಿವರಿಸಿ ಎಂದರು. ನಾನು ಊಟದ ವೇಳೆಯಲ್ಲಿ ಕಚೇರಿಯ ಕಿಟಕಿಯ ಪಕ್ಕ ಕೂತು ನಿಯಮಗಳನ್ನು ಉದ್ಧರಿಸಿ ಉದ್ದಕ್ಕೆ ಬರೆದೆ. ಹುಡುಗ ವಾಕ್ಯಕ್ಕೊಂದು ಉಲ್ಲೇಖ ಕೊಟ್ಟು ಬರೆದ. ಸಂಜೆ ಬೋಟಿನಲ್ಲಿ ಹಿರಿಯರ ಪುಟ ತೆರೆದೆ. ಅವರು ಮತ್ತೆ ಗ್ರಾಂಥಿಕಕ್ಕೆ ಏರಿದ್ದರು.

"ಮಾನ್ಯ ನಿರ್ವಾಹಕರೇ, ನಾನು ವಿಲೀನಕ್ಕೆ ಒಪ್ಪಿಲ್ಲ. ಸಹಮತ ಎಂದು ಬರೆದದ್ದು ನಾನೇ, ಆದರೆ ಒಪ್ಪಿಲ್ಲ. ಆ ಇಬ್ಬರೂ ಅಷ್ಟು ದೂರದಿಂದ ಬಂದಿದ್ದರು. ಬಹಳ ವರ್ಷಗಳ ಮೇಲೆ ನನ್ನ ಮನೆಯಲ್ಲಿ ಒಂದು ಇಡೀ ಮಧ್ಯಾಹ್ನ ಕನ್ನಡ ಕೇಳಿಸಿತು. ನಾನು ಹಟ ಹಿಡಿದರೆ ಅವರು ಮತ್ತೆ ಬರಲಿಕ್ಕಿಲ್ಲ ಎಂದು ಹೆದರಿದೆ. ಪುಟಗಳು ಹೋದರೆ ಹೋಗಲಿ, ಜನ ಉಳಿಯಲಿ ಎಂದುಕೊಂಡೆ. ಇದು ವಿಶ್ವಕೋಶದ ನಿಯಮದಲ್ಲಿ ಕಾರಣವಾಗುವುದಿಲ್ಲವೆಂದು ಬಲ್ಲೆ. ಅವರಿಬ್ಬರೂ ಬೇರೆ ಬೇರೆ ಮನುಷ್ಯರು, ಒಳ್ಳೆಯವರು. ಅವರ ಬೀಗ ತೆಗೆಯಿರಿ."

ನನಗೆ ಮೊದಲು ಬಂದದ್ದು ಸಿಟ್ಟು. ಬಿಟ್ಟುಕೊಡುವುದಕ್ಕೆ ನಿಮಗೆ ಯಾರು ಹೇಳಿದ್ದರು? ನಾನೇನು ಗೆಲ್ಲಲಿಕ್ಕೆ ಬರುತ್ತಿದ್ದೆನೇ? ಆಮೇಲೆ ಸಿಟ್ಟು ಎಲ್ಲಿಗೋ ಹೋಗಿ, ಬೋಟಿನಲ್ಲಿ ಅಷ್ಟು ಜನರ ಮಧ್ಯೆ ಕಣ್ಣು ತುಂಬಿಬಂತು. ಪಕ್ಕದಲ್ಲಿದ್ದ ಹೆಂಗಸು "ಎಂದು ಪಟ್ಟಿ ಚೇಚಿ?" ಎಂದು ಕೇಳಿದಳು, ಏನಾಯಿತು ಅಂತ. ಮಧ್ಯಾಂಕ ಎಂದು ಹೇಗೆ ಹೇಳಲಿ ಅವಳಿಗೆ? ತಲೆನೋವು ಎಂದೆ.

ನಿರ್ವಾಹಕರು ಮರುದಿನವೇ ಮೂರೂ ಬೀಗ ತೆಗೆದರು. "ಇವರು ಮೂರು ಬೇರೆ ಬೇರೆ ವ್ಯಕ್ತಿಗಳೆಂಬುದರಲ್ಲಿ ಇನ್ನು ಎಳ್ಳಷ್ಟೂ ಸಂಶಯವಿಲ್ಲ. ವಿಲೀನಕ್ಕೆ ಒಮ್ಮತವಿಲ್ಲ. ಪುಟಗಳು ಇದ್ದಂತೆಯೇ ಇರಲಿ" ಎಂದು ಬರೆದು ಚರ್ಚೆ ಮುಚ್ಚಿದರು. ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲ ತಮ್ಮ ತಮ್ಮ ಮನೆಯಲ್ಲೇ ಉಳಿದವು. ನಾನು ಸೋತಿದ್ದೆ, ಮತ್ತು ನನಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು. ಅದನ್ನು ತೋರಿಸಿಕೊಳ್ಳುವ ಜಾಯಮಾನ ನನ್ನದಲ್ಲವಾದ್ದರಿಂದ ಹಿರಿಯರಿಗೆ ಫೋನ್ ಮಾಡಿ ಜೋರಾಗಿಯೇ ಶುರುಮಾಡಿದೆ.

"ಸರ್, ನಾನು ಮತ್ತೆ ವಿಲೀನದ ಪ್ರಸ್ತಾಪ ಇಡ್ತಾ ಇದ್ದೀನಿ. ಬರೋ ಭಾನುವಾರ ನಿಮ್ಮ ಮನೆಗೇ ಬಂದು ವಾದ ಮಾಡ್ತೀನಿ."

"ಖರೇನ ಬರ್ತೀರೇನು?" ಎಂದರು.

"ಬರ್ತೀನಿ. ಆದ್ರೆ ನೀವು ಇನ್ನೊಂದು ಸಲ ಏನಾದ್ರೂ ಒಪ್ಪಿಬಿಟ್ರೆ ನಿಮ್ಮ ಹೊಸಲು ತುಳಿಯಲ್ಲ, ಹೇಳಿದ್ದೀನಿ."

"ಒಪ್ಪಂಗಿಲ್ಲ ತಂಗಿ," ಎಂದರು ಅವರು. "ನಾ ಇರೋತನಕ ಒಪ್ಪಂಗಿಲ್ಲ."